ಇಂಚು ಮೊದಲು, ಅಡಿ ಆಮೇಲೆ

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮಮ್ಮ ಸಾಯುವವರೆಗೂ ಅದನ್ನೇ ಹೇಳುತ್ತಿದ್ದಳು. ಆದರೆ ನಾನು ಒಬ್ಬ ಮನುಷ್ಯನ ಬದುಕು ಕೆಡಿಸಿದ್ದು ಕೋಪದಲ್ಲಿ ಅಲ್ಲ, ಕನಿಕರದಲ್ಲಿ. ಅದೇ ನನ್ನನ್ನು ಇವತ್ತಿಗೂ ತಿನ್ನುತ್ತಿರುವುದು. ಸಿಟ್ಟಿನಲ್ಲಿ ಏನಾದರೂ ಮಾಡಿದ್ದರೆ ತಪ್ಪಾಯಿತು ಅಂತ ಕಾಲು ಹಿಡಿದುಕೊಳ್ಳಬಹುದಿತ್ತು. ಒಳ್ಳೆಯದಾಗಲಿ ಅಂತ ಹೇಳಿದ ಮಾತಿಗೆ ಯಾರ ಕಾಲು ಹಿಡಿಯುವುದು?

ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನಾನು ಮಳವಳ್ಳಿಯವಳು, ಮೇಷ್ಟ್ರ ಮಗಳು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿಕೊಂಡು, ಮಂಡ್ಯದಲ್ಲಿ ಹೊಳೆ ನೀರಿನ ಲೆಕ್ಕ ಇಡುವ ಒಂದು ಕಚೇರಿಗೆ ಸೇರಿ ಆಗಿನ್ನೂ ಒಂದು ವರ್ಷ. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು. ಕಾಫಿ ತರಿಸುವುದಕ್ಕೆ ಮೊದಮೊದಲು ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಚೆನ್ನಾಗಿ ಬೈಸಿಕೊಂಡ ಮೇಲೆ ಬಿಟ್ಟರು. ಮೇಲಂತಸ್ತಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಬೀರುವಿನಷ್ಟು ದೊಡ್ಡದು, ಅದಕ್ಕೆ ಎರಡು ಫ್ಯಾನು, ಕಿಟಕಿಗೆ ದಪ್ಪ ಪರದೆ. ಅದನ್ನು ನೋಡಿಕೊಳ್ಳುವುದು, ಅದಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಊರಿಗೆ ಹೋದರೆ ಬಸ್ ಸ್ಟ್ಯಾಂಡಿನಲ್ಲೇ ಜನ ಕೇಳುತ್ತಿದ್ದರು, "ಅದ್ಯಾವ್ದೋ ಮಿಸೀನ್ ಓಡಿಸ್ತೀಯಂತಲ್ಲವ್ವ" ಅಂತ. ನನಗೂ ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ಮುತ್ತತ್ತಿಯಲ್ಲಿ ಕಾವೇರಿಯ ದಡಕ್ಕೆ ನಮ್ಮ ಕಚೇರಿಯವರು ಬಹಳ ಹಿಂದೆ ಒಂದು ಗೇಜು ನೆಟ್ಟಿದ್ದರು. ಗೇಜು ಅಂದರೆ ಮತ್ತೇನಲ್ಲ, ನೀರಿನಲ್ಲಿ ನಿಲ್ಲಿಸಿದ ಒಂದು ಹಲಗೆ, ಅದರ ಮೇಲೆ ಅಡಿ-ಇಂಚಿನ ಗೆರೆ. ನೀರು ಎಷ್ಟರವರೆಗೆ ಇದೆ ಅಂತ ಬೆಳಿಗ್ಗೆ ಎಂಟಕ್ಕೊಂದು ಸಲ, ಸಂಜೆ ಆರಕ್ಕೊಂದು ಸಲ ನೋಡಿ ಪುಸ್ತಕದಲ್ಲಿ ಬರೆಯುವುದಕ್ಕೆ ಆ ಊರಿನವರೇ ಒಬ್ಬರಿದ್ದರು. ಗೇಜ್ ರೀಡರ್ ಅಂತ ಕರೆಯುತ್ತಿದ್ದೆವು. ಐವತ್ತರ ಆಸುಪಾಸು, ಗಟ್ಟಿ ಆಳು, ಸದಾ ಒದ್ದೆ ಚಡ್ಡಿ. ಹದಿನೇಳು ವರ್ಷದಿಂದ ಒಂದು ದಿನ ತಪ್ಪಿಸಿರಲಿಲ್ಲ. ಮಗಳ ಮದುವೆ ದಿನವೂ ಧಾರೆ ಮುಗಿಸಿ ಹೊಳೆಗೆ ಓಡಿದರಂತೆ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಹೋದಾಗಲೆಲ್ಲ ಅವರ ಹೆಂಡತಿ ಮಜ್ಜಿಗೆ ಕೊಟ್ಟು, "ಇಷ್ಟ್ ಬಿಸಿಲಲ್ಲಿ ಎಣ್ಣೈಕ್ಳ ಕಳಿಸ್ತಾರಲ್ಲ, ಅವ್ರಿಗೇನ್ ಬಂದಿರಾದು" ಅಂತ ನಮ್ಮ ಸಾಹೇಬರಿಗೆ ಶಾಪ ಹಾಕುತ್ತಿದ್ದರು.

ಆ ವರ್ಷ ಮುಂಗಾರಿನ ಹೊತ್ತಿಗೆ ಬೆಂಗಳೂರಿನಿಂದ ಪರೀಕ್ಷೆಗೆಂದು ಒಂದು ಹೊಸ ಪೆಟ್ಟಿಗೆ ಬಂತು. ಗೇಜಿನ ಪಕ್ಕದಲ್ಲೇ ದಡಕ್ಕೆ ಒಂದು ತಗಡಿನ ಗೂಡು ಕಟ್ಟಿ ಅದರಲ್ಲಿ ಇಟ್ಟೆವು. ಕೆಳಗೆ ಕೊಳವೆಯೊಳಗೆ ತೇಲುವ ಬುರುಡೆ, ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಲಾರಿಯ ಬ್ಯಾಟರಿ. ಗಂಟೆಗೊಂದು ಸಲ ನೀರಿನ ಮಟ್ಟ ನೋಡಿ, ಹಾಡು ಕೇಳುವ ಕ್ಯಾಸೆಟ್ಟಿನಂಥದ್ದೇ ಒಂದು ಕ್ಯಾಸೆಟ್ಟಿನ ಮೇಲೆ ತಾನೇ ಬರೆದುಕೊಳ್ಳುತ್ತಿತ್ತು. ತಿಂಗಳಿಗೊಂದು ಸಲ ನಾನು ಬಸ್ಸಿನಲ್ಲಿ ಹಲಗೂರಿನ ಮೇಲೆ ಹೋಗಿ, ಕ್ಯಾಸೆಟ್ಟು ಬದಲಾಯಿಸಿ, ಹಳೆಯದನ್ನು ಮಂಡ್ಯಕ್ಕೆ ತಂದು ಕಂಪ್ಯೂಟರಿಗೆ ಓದಿಸಬೇಕು. ಬಸ್ಸು ಮುತ್ತತ್ತಿ ಮುಟ್ಟುವ ಹೊತ್ತಿಗೆ ಹನ್ನೊಂದು, ಅದೇ ಬಸ್ಸಿಗೆ ವಾಪಸು. ಹಾಗಾಗಿ ಅಣ್ಣ ನೀರಿಗಿಳಿದು ಗೇಜು ಓದುವುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಆ ಕ್ಯಾಸೆಟ್ಟಿನೊಳಗಿನ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ದಡ್ಡತನ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ದಿನಕ್ಕೊಂದು ಫೈಲು. ಫೈಲಿನ ತಲೆಯಲ್ಲಿ ಇದು ಎಷ್ಟನೇ ದಿನ, ಒಳಗೆ ಎಷ್ಟು ಲೆಕ್ಕ ಇವೆ ಎಂದು. ಆಮೇಲೆ ಇಪ್ಪತ್ನಾಲ್ಕು ಗಂಟೆಯ ಇಪ್ಪತ್ನಾಲ್ಕು ಲೆಕ್ಕ. ಒಂದು ಖಾನೆಯಲ್ಲಿ ಇನ್ನೂರೈವತ್ತೈದರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. ಅದಕ್ಕೇ ಪ್ರತಿಯೊಂದಕ್ಕೂ ಎರಡೆರಡು ಖಾನೆ, ಒಂದರಲ್ಲಿ ದೊಡ್ಡದು, ಅಂದರೆ ಎಷ್ಟು ಇನ್ನೂರೈವತ್ತಾರು ಎಂದು, ಇನ್ನೊಂದರಲ್ಲಿ ಸಣ್ಣದು, ಅಂದರೆ ಮಿಕ್ಕ ಚಿಲ್ಲರೆ. ನೀರಿನ ಲೆಕ್ಕವಾದರೆ ಅಡಿಗೊಂದು ಖಾನೆ, ಇಂಚಿಗೊಂದು ಖಾನೆ. ಇದರಲ್ಲಿ ಯಾವ ಖಾನೆ ಮೊದಲು? ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಸಣ್ಣದನ್ನು ಮೊದಲು ಇಡುತ್ತಿತ್ತು, ದೊಡ್ಡದನ್ನು ಆಮೇಲೆ. ನಮ್ಮ ಮಂಡ್ಯದ ಯಂತ್ರ ಬೇರೆ ಕಂಪನಿಯದು, ಅದಕ್ಕೆ ದೊಡ್ಡದು ಮೊದಲು, ಸಣ್ಣದು ಆಮೇಲೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಒಬ್ಬರದು ಇನ್ನೊಬ್ಬರಿಗೆ ಕೊಡುವಾಗ ನಡುವೆ ಕೂತವರು ತಿರುಗಿಸಿ ಕೊಡಬೇಕು, ಅಷ್ಟೆ. ನಡುವೆ ಕೂತವಳು ನಾನು. ನನಗೆ ಈ ವಿಷಯ ಗೊತ್ತಿರಲಿಲ್ಲ, ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲೂ ಬರೆದಿರಲಿಲ್ಲ.

ಗೊತ್ತಿರಲಿಲ್ಲ ಅಂದೆನೇ? ಅದೂ ಅರ್ಧ ಸುಳ್ಳು. ಮೊದಲ ಕ್ಯಾಸೆಟ್ಟು ಓದಿಸಿದ ದಿನ ಯಂತ್ರ ಒಂದನೇ ದಿನವನ್ನು "೨೫೬" ಅಂತ ಅಚ್ಚು ಹಾಕಿತು. ಎರಡನೆಯದನ್ನು "೫೧೨" ಅಂತ. ಇಪ್ಪತ್ನಾಲ್ಕು ಲೆಕ್ಕ ಇರಬೇಕಾದಲ್ಲಿ ಆರು ಸಾವಿರದ ನೂರ ನಲವತ್ನಾಲ್ಕು ಅಂತ. ನಾನು ನಕ್ಕೆ. ನೋಡಿ, ನಕ್ಕುಬಿಟ್ಟೆ. ಎಲ್ಲವೂ ಇನ್ನೂರೈವತ್ತಾರರಷ್ಟು ಹೆಚ್ಚಾಗಿದೆಯಲ್ಲ, ಭಾಗಿಸಿದರಾಯಿತು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಲೆಕ್ಕ ಎಷ್ಟು ಎಂಬ ಕಡೆ ಇಪ್ಪತ್ನಾಲ್ಕು ಅಂತ ನಾನೇ ತುಂಬಿದೆ. ಒಂದು, ಎರಡು, ಮೂರು ಅಂತ ದಿನಗಳು ಚೆಂದಾಗಿ ಬಂದವು. ಯಾಕೆ ಹಾಗಾಯಿತು ಅಂತ ಒಂದು ನಿಮಿಷ ಕೂತು ಯೋಚಿಸಲಿಲ್ಲ. ಸಾಹೇಬರು ಬಂದು ನೋಡಿ "ಭೇಷ್" ಅಂದರು. ನಾನು ಉಬ್ಬಿಹೋದೆ.

ದಿನದ ಸಂಖ್ಯೆ ತಿರುಗಿದ್ದು ಕಣ್ಣಿಗೆ ಹೊಡೆಯಿತು, ನೀರಿನ ಲೆಕ್ಕ ತಿರುಗಿದ್ದು ಹೊಡೆಯಲಿಲ್ಲ. ನಾಲ್ಕು ಅಡಿ ಏಳು ಇಂಚು ಇದ್ದದ್ದು ಏಳು ಅಡಿ ನಾಲ್ಕು ಇಂಚು ಆದರೆ ಯಾರಿಗೆ ಅನುಮಾನ ಬರುತ್ತದೆ? ಹೊಳೆ ನಾಲ್ಕಡಿಯೂ ಇರಬಹುದು, ಏಳಡಿಯೂ ಇರಬಹುದು. ಮೇಲಾಗಿ ಯಂತ್ರ ಅದನ್ನು ಸೆಂಟಿಮೀಟರಿಗೆ ತಿರುಗಿಸಿಯೇ ಅಚ್ಚು ಹಾಕುತ್ತಿತ್ತು. ಅಣ್ಣನ ಪುಸ್ತಕದ ಲೆಕ್ಕವನ್ನೂ ಗುಮಾಸ್ತರು ಸೆಂಟಿಮೀಟರ್ ಮಾಡಿಯೇ ಪಟ್ಟಿ ಮಾಡುತ್ತಿದ್ದರು. ಒಂದರಲ್ಲಿ ನೂರ ನಲವತ್ತು, ಇನ್ನೊಂದರಲ್ಲಿ ಇನ್ನೂರ ಇಪ್ಪತ್ತನಾಲ್ಕು. ಅಡಿ-ಇಂಚನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೂರನೇ ಕ್ಲಾಸಿನ ಮಗುವೂ ಹೇಳುತ್ತಿತ್ತು. ಯಂತ್ರದ ಪ್ರಕಾರ ಹೊಳೆ ಗಂಟೆಗೊಂದು ಥರ ಏರಿ ಇಳಿಯುತ್ತಿತ್ತು. ಮೇಲುಗಡೆ ಶಿವನಸಮುದ್ರದ ಹತ್ತಿರ ನೀರು ಬಿಡುವುದು ನಿಲ್ಲಿಸುವುದು ಇದ್ದದ್ದೇ ಅಂತ ಅದಕ್ಕೂ ನಾವೇ ಸಮಾಧಾನ ಹೇಳಿಕೊಂಡೆವು. ಆ ವರ್ಷ ದೊಡ್ಡ ನೆರೆ ಬರಲಿಲ್ಲ. ಹೊಳೆ ಹನ್ನೆರಡು ಅಡಿ ಮುಟ್ಟಿದ್ದರೆ ಎಲ್ಲ ಬಯಲಾಗುತ್ತಿತ್ತೇನೋ. ಮುಟ್ಟಲಿಲ್ಲ.

ಮೂರು ತಿಂಗಳಾದ ಮೇಲೆ ಗುಮಾಸ್ತರು ಎರಡೂ ಪಟ್ಟಿ ಜೋಡಿಸಿ ಸಾಹೇಬರ ಮುಂದಿಟ್ಟರು. ಒಂದಕ್ಕೊಂದು ತಾಳೆಯೇ ಇಲ್ಲ. ಅಲ್ಲೊಂದು ಇಲ್ಲೊಂದು ದಿನ ಮಾತ್ರ ಕರಾರುವಾಕ್ಕಾಗಿ ಹೊಂದಿತ್ತು. ಅದೇ ಅಣ್ಣನ ಕುತ್ತಿಗೆಗೆ ಬಂತು. ಐದಡಿ ಐದಿಂಚು, ಮೂರಡಿ ಮೂರಿಂಚು, ತಿರುಗಿಸಿದರೂ ಒಂದೇ ಆಗುವ ದಿನಗಳವು. ಸಾಹೇಬರು ಬೇರೆಯದೇ ಅರ್ಥ ಮಾಡಿಕೊಂಡರು. "ನೋಡಮ್ಮ, ಹೊಳೆಗೆ ಹೋದ ದಿನ ಸರಿಯಾಗಿ ಬರೆದಿದ್ದಾನೆ. ಮಿಕ್ಕ ದಿನ ಮನೇಲಿ ಮಲಗಿ ಬಾಯಿಗೆ ಬಂದದ್ದು ಬರೆದಿದ್ದಾನೆ" ಅಂದರು. ನನಗೂ ಹೌದೆನ್ನಿಸಿತು. ನನ್ನ ಯಂತ್ರ ಸುಳ್ಳು ಹೇಳುತ್ತದೆಂದು ನನಗೆ ಹೇಗೆ ಅನ್ನಿಸಬೇಕು?

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ, ಮುಂಚೆ ತಿಳಿಸದೆ, ಸಾಹೇಬರೂ ನಾನೂ ಜೀಪಿನಲ್ಲಿ ಹೋದೆವು. ಎಂಟಕ್ಕೆ ಸರಿಯಾಗಿ ಅಣ್ಣ ನೀರಿಗಿಳಿದರು. ಸಾಹೇಬರು ಬೂಟು ಬಿಚ್ಚಲು ಇಷ್ಟವಿಲ್ಲದೆ ಮೆಟ್ಟಿಲ ಮೇಲೇ ನಿಂತರು, ನಾನು ಅವರ ಪಕ್ಕದಲ್ಲಿ ಕಾಗದ ಪೆನ್ನು ಹಿಡಿದು. ಅತ್ತ ಕಲ್ಲಿನ ಮೇಲೆ ಅಣ್ಣನ ಹೆಂಡತಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಅವರು ನಾಲ್ಕನೇ ಕ್ಲಾಸು ಓದಿದವರು, ಬರವಣಿಗೆ ಅವರದೇ. ಅಣ್ಣ ಸೊಂಟದವರೆಗಿನ ನೀರಿನಲ್ಲಿ ನಿಂತು, ಹಲಗೆಯ ಹತ್ತಿರ ಮುಖ ಇಟ್ಟು, ಕೂಗಿದರು.

"ಎರಡೂ... ಐದೂ!"

ನಾನು ಎರಡು ಅಡಿ ಐದು ಇಂಚು ಅಂತ ಬರೆದುಕೊಂಡೆ. ಅವರ ಹೆಂಡತಿಯೂ ಏನೋ ಬರೆದರು. ಸಾಹೇಬರು ಯಾರಿಗೂ ಏನೂ ತೋರಗೊಡಬೇಡ ಅಂತ ಕಣ್ಣಲ್ಲೇ ಹೇಳಿದರು. ಕ್ಯಾಸೆಟ್ಟು ಬದಲಾಯಿಸಿಕೊಂಡು, ಮಜ್ಜಿಗೆ ಕುಡಿದು ಬಂದುಬಿಟ್ಟೆವು.

ಮಂಡ್ಯಕ್ಕೆ ಬಂದು ಆ ಕ್ಯಾಸೆಟ್ಟನ್ನು ಓದಿಸಿದೆ. ಆ ದಿನ, ಆ ಎಂಟು ಗಂಟೆಗೆ ಯಂತ್ರ ಕೊಟ್ಟದ್ದು ಎರಡು ಅಡಿ ಐದು ಇಂಚಿನ ಲೆಕ್ಕವೇ. ನನ್ನ ಕಾಗದವೂ ಅದೇ. ತಿಂಗಳ ಕೊನೆಗೆ ಅಣ್ಣನ ಪುಸ್ತಕದ ಹಾಳೆ ಬಂತು, ಅದರಲ್ಲಿ ಮಾತ್ರ ಐದು ಅಡಿ ಎರಡು ಇಂಚು. ಸಾಹೇಬರು ಮೇಜು ಕುಟ್ಟಿದರು. "ನಮ್ಮೆದುರಿಗೇ ಒಂದು ಕೂಗಿ ಇನ್ನೊಂದು ಬರೆಸ್ತಾನಲ್ಲ, ಇವನಿಗೆಷ್ಟು ಕೊಬ್ಬು!" ಅಂದರು. ಅಣ್ಣನನ್ನು ಮಂಡ್ಯಕ್ಕೆ ಕರೆಸಿದರು.

ಅವತ್ತು ಅವರು ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಹದಿನೇಳು ವರ್ಷದಲ್ಲಿ ಕಚೇರಿಯಿಂದ ಕರೆ ಬಂದದ್ದು ಮೊದಲ ಸಲ, ಏನೋ ಒಳ್ಳೆಯದಕ್ಕೇ ಇರಬೇಕು ಅಂದುಕೊಂಡಿದ್ದರಂತೆ. ಸಾಹೇಬರು ಎರಡೂ ಕಾಗದ ಮುಂದೆ ಹಿಡಿದು ಕೇಳಿದರು. ಅಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅಂದರು, "ಬುದ್ದೀ, ನಾ ಕೂಗಾದೇ ಅಂಗೆ. ಇಂಚು ಮೊದ್ಲು, ಅಡಿ ಆಮ್ಯಾಕೆ. ನೀರು ಅಲ್ಲಾಡ್ತಿರ್ತದೆ, ಇಂಚ ತಟಕ್ನೆ ಇಡ್ಕೋಬೇಕು. ಅಡಿ ಎಲ್ಲೋಯ್ತದೆ, ಅಲ್ಲೇ ಇರ್ತದೆ. ನನ್ ಎಂಡ್ರು ತಿರುಗ್ಸಿ ಬರ್ಕೊತಾಳೆ, ಅವ್ಳಿಗೆ ಗೊತ್ತು."

"ಓಹೋ! ಈಗ ತಿರುಗಿಸಿ ಕೂಗ್ತೀನಿ ಅಂತ ಕತೆ ಕಟ್ತೀಯಾ? ಯಂತ್ರಾನೂ ಎರಡು-ಐದು ಅಂತಲೇ ಹೇಳ್ತಿದೆಯಲ್ಲಯ್ಯ, ಅದಕ್ಕೇನಂತೀಯ?"

"ಅದ್ಯಾಕಂಗೇಳ್ತೋ ನಂಗೊತ್ತಿಲ್ಲ ಬುದ್ದಿ. ನನ್ ಮಕ್ಳಾಣೆ, ನಾನು ಕಂಡಿದ್ದ ಕೂಗಿವ್ನಿ."

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ದೀಪ ಹತ್ತಬೇಕಿತ್ತು. ಸಣ್ಣದು ಮೊದಲು, ದೊಡ್ಡದು ಆಮೇಲೆ ಅಂತ ಆ ಮನುಷ್ಯ ನನ್ನ ಮುಂದೆಯೇ ಬಿಡಿಸಿ ಹೇಳಿದ. ಇನ್ನೂರೈವತ್ತಾರರಿಂದ ಭಾಗಿಸಿ ನಕ್ಕಿದ್ದು ನೆನಪಾಗಬೇಕಿತ್ತು. ಏನೂ ಆಗಲಿಲ್ಲ. ನನ್ನ ಕಿವಿ ಕೇಳಿದ್ದಕ್ಕೂ ಯಂತ್ರ ಹೇಳಿದ್ದಕ್ಕೂ ಒಂದೇ ಲೆಕ್ಕ ಬಂದ ಮೇಲೆ ಇನ್ನೇನು ಸಾಕ್ಷಿ ಬೇಕು ಅಂದುಕೊಂಡೆ. ನನ್ನ ಮೂತಿಗಿಷ್ಟು!

ಹೊರಗೆ ವರಾಂಡದಲ್ಲಿ ಅಣ್ಣ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. "ಸುಳ್ಳು ಬರ್ದೆ ಅಂತ ಕೆಲ್ಸದಿಂದ ತೆಗುದ್ರೆ ಊರಲ್ಲಿ ಎಂಗವ್ವ ತಲೆ ಎತ್ಲಿ? ದ್ಯಾವಸ್ತಾನದ ಮುಂದೆ ಓಡಾಡೋನು ನಾನು" ಅಂದರು. ಸಂಬಳದ ಮಾತೇ ಎತ್ತಲಿಲ್ಲ. ಸುಳ್ಳುಗಾರ ಅನ್ನಿಸಿಕೊಂಡು ಬದುಕುವುದು ಅವರಿಂದ ಆಗುತ್ತಿರಲಿಲ್ಲ.

ನನಗೆ ಕನಿಕರವಾಯಿತು. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ. "ಅಣ್ಣಾ, ನೀವು ಬೇಕಂತ ಸುಳ್ಳು ಬರೆದಿರಲ್ಲ, ನನಗೆ ಗೊತ್ತು. ವಯಸ್ಸಾಯ್ತು, ಕಣ್ಣು ಮಂಜಾಗಿರಬಹುದು. ಹಾಗಂತ ಒಂದು ಅರ್ಜಿ ಬರೆದುಕೊಡಿ. ಸುಳ್ಳು ಬರೆದೆ ಅಂದ್ರೆ ಕ್ಷಮೆ ಇಲ್ಲ, ಕಣ್ಣು ಕಾಣಲಿಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ. ತೋರಿಸಿಕೊಂಡು ಬನ್ನಿ, ಮತ್ತೆ ಕೆಲಸಕ್ಕೆ ಸೇರಿಸ್ಕೊತಾರೆ."

ಅಣ್ಣ, "ನಂಗೆ ಚೆನ್ನಾಗೇ ಕಾಣ್ತದಲ್ಲವ್ವ" ಅಂದರು. ಎದುರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. "ಮಿಸೀನು ಸುಳ್ಳೇಳಾಕಿಲ್ಲ ಅಲ್ವಾ?" ಅಂತ ನನ್ನನ್ನೇ ಕೇಳಿದರು.

"ಇಲ್ಲಣ್ಣ. ಅದಕ್ಕೇನು, ಹೊಟ್ಟೆಯಾ ಬಟ್ಟೆಯಾ" ಅಂದೆ.

"ಅಂಗಾರೆ ನನ್ ಕಣ್ಣೇ ಕೆಟ್ಟಿರ್ಬೇಕು ಬುಡು" ಅಂದರು. ಅರ್ಜಿಯನ್ನು ನಾನೇ ನನ್ನ ಕೈಯಾರೆ ಬರೆದೆ. ಅವರು ಕೆಳಗೆ ಸಹಿ ಹಾಕಿದರು. ಸಾಹೇಬರಿಗೂ ಅದು ಒಪ್ಪಿಗೆಯಾಯಿತು. ಕಣ್ಣು ಸರಿಪಡಿಸಿಕೊಂಡು ಬರಲಿ, ಅಲ್ಲಿಯವರೆಗೆ ಯಂತ್ರ ಇದೆಯಲ್ಲ ಅಂತ ಅವರನ್ನು ಮನೆಗೆ ಕಳಿಸಿದರು. ಒಳ್ಳೆಯ ಕೆಲಸ ಮಾಡಿದೆ ಅಂತ ಆ ಸಂಜೆ ಬಸ್ಸಿನಲ್ಲಿ ನನಗೆ ಸಮಾಧಾನವಾಗಿತ್ತು.

ಆಮೇಲೆ ನಾನು ಮುತ್ತತ್ತಿಗೆ ಹೋಗಲಿಲ್ಲ. ಕ್ಯಾಸೆಟ್ಟು ತರಲು ಜೀಪಿನ ಡ್ರೈವರನ್ನು ಕಳಿಸುತ್ತಿದ್ದೆ. ಗೇಜಿನ ಕೆಲಸವಿಲ್ಲದೆ ಆ ಮನುಷ್ಯ ಹೊಳೆ ದಡದಲ್ಲಿ ಕೂತಿರುವುದನ್ನು ನೋಡಲು ನನಗೆ ಏನೋ ಸಂಕೋಚ.

ಶಿವರಾತ್ರಿ ಹತ್ತಿರವಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಹೊಸ ಕ್ಯಾಸೆಟ್ಟು ಹಾಕಿದೆ. ಯಂತ್ರ ಅಚ್ಚು ಹಾಕುತ್ತಾ ಹೋಯಿತು. ಇನ್ನೂರೈವತ್ತನಾಲ್ಕನೇ ದಿನ, ಇನ್ನೂರೈವತ್ತೈದನೇ ದಿನ, ಅದಾದ ಮೇಲೆ ಸೊನ್ನೆ. ಆಮೇಲೆ ಒಂದು, ಎರಡು, ಮೂರು. ಏನಿದು ಹೊಸ ಗ್ರಹಚಾರ ಅಂತ ಬೈದುಕೊಂಡೆ. ಈ ಸಲ ನಗು ಬರಲಿಲ್ಲ. ಪ್ರೋಗ್ರಾಂ ಪಕ್ಕಕ್ಕಿಟ್ಟು, ಕ್ಯಾಸೆಟ್ಟಿನ ಮೇಲಿದ್ದ ಖಾನೆಗಳನ್ನು ಇದ್ದದ್ದು ಇದ್ದ ಹಾಗೇ ಅಚ್ಚು ಹಾಕಿಸಿದೆ. ಇನ್ನೂರೈವತ್ತಾರನೇ ದಿನದ ತಲೆಯಲ್ಲಿ ಮೊದಲ ಖಾನೆ ಸೊನ್ನೆ, ಎರಡನೆಯದು ಒಂದು. ಅದರ ಮುಂದಿನದಕ್ಕೆ ಒಂದು, ಒಂದು. ಅದರ ಮುಂದಿನದಕ್ಕೆ ಎರಡು, ಒಂದು. ಓಡುತ್ತಿದ್ದದ್ದು ಮೊದಲ ಖಾನೆ. ಅಂದರೆ ಸಣ್ಣದು ಅಲ್ಲಿದೆ. ಪೆಟ್ಟಿಗೆ ಸಣ್ಣದನ್ನು ಮೊದಲು ಬರೆಯುತ್ತಿದೆ.

ಹಾಗಾದರೆ ನೀರಿನ ಲೆಕ್ಕವೂ?

ಕೆಳಗಿನ ರೆಕಾರ್ಡ್ ರೂಮಿಗೆ ಓಡಿದೆ. ಅಣ್ಣನ ಪುಸ್ತಕದ ಹಾಳೆಗಳನ್ನು ಹುಡುಕಿ ತಂದು, ಅವರ ಹೆಂಡತಿಯ ಗುಂಡು ಅಕ್ಷರದ ಅಡಿ-ಇಂಚುಗಳ ಪಕ್ಕದಲ್ಲಿ ಹಳೆಯ ಕ್ಯಾಸೆಟ್ಟುಗಳ ಖಾನೆಗಳನ್ನು ಅಚ್ಚು ಹಾಕಿಸಿಟ್ಟು ನೋಡಿದೆ. ಅವರದು ನಾಲ್ಕು-ಏಳು, ಇದು ಏಳು-ನಾಲ್ಕು. ಅವರದು ಆರು-ಒಂದು, ಇದು ಒಂದು-ಆರು. ಜೂನ್‌ನಿಂದ ಅವರನ್ನು ಮನೆಗೆ ಕಳಿಸಿದ ದಿನದವರೆಗೆ ಬೆಳಿಗ್ಗೆ ಎಂಟು, ಸಂಜೆ ಆರು, ಎಲ್ಲ ಹಾಗೇ. ಎರಡೋ ಮೂರೋ ಕಡೆ ಒಂದಿಂಚು ಹೆಚ್ಚು ಕಮ್ಮಿ, ಅಷ್ಟೆ. ಆ ಮನುಷ್ಯ ಒಂದೇ ಒಂದು ದಿನ ತಪ್ಪಿಸಿರಲಿಲ್ಲ. ನಾನು ಆ ಹಾಳೆಗಳ ಮೇಲೆ ತಲೆಯಿಟ್ಟು ಅತ್ತೆ. ಗುಮಾಸ್ತರು ಬಂದು ಊರಿನಿಂದ ಏನಾದರೂ ಕೆಟ್ಟ ಸುದ್ದಿ ಬಂತೇನಮ್ಮ ಅಂತ ಕೇಳಿದರು.

ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಈಗ ಅದನ್ನ ಯಾಕಮ್ಮ ಕೆದಕ್ತೀಯ? ಅವನೇ ಕಣ್ಣು ಮಂಜು ಅಂತ ಬರೆದುಕೊಟ್ಟಿದ್ದಾನಲ್ಲ, ಫೈಲು ಮುಗಿದಿದೆ" ಅಂದರು. ನನಗೆಲ್ಲಿತ್ತೋ ಸಿಟ್ಟು. "ಅದನ್ನ ಬರೆದದ್ದು ಅವರಲ್ಲ ಸಾರ್, ನಾನು! ಸುಳ್ಳು ಹೇಳಿದ್ದು ನನ್ನ ಪ್ರೋಗ್ರಾಂ! ಆ ಮನುಷ್ಯನಿಗೆ ನೀವು ಕಾಗದ ಕೊಡದಿದ್ದರೆ ನಾನು ಈ ಕಚೇರಿ ಮೆಟ್ಟಿಲು ಹತ್ತಲ್ಲ" ಅಂತ ಕೂಗಾಡಿದೆ. ಕೆಳಗಿನ ಸೆಕ್ಷನ್ನಿನವರೆಲ್ಲ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ಸಾಹೇಬರು ಕೆಟ್ಟವರೇನಲ್ಲ. ಒಂದು ವಾರ ಓಡಾಡಿ, ಮೇಲಿನವರ ಹತ್ತಿರ ಬೈಸಿಕೊಂಡು, ಕೊನೆಗೆ ಕಾಗದ ಮಾಡಿಸಿಕೊಟ್ಟರು. ಗೇಜ್ ರೀಡರ್ ಬರೆದ ಲೆಕ್ಕಗಳೆಲ್ಲ ಸರಿಯಾಗಿವೆ, ಅವರ ಮೇಲೆ ಯಾವ ದೋಷವೂ ಇಲ್ಲ ಅಂತ. ಕೊನೆಯಲ್ಲಿ ಒಂದು ಸಾಲು: ಅವರೇ ಅರ್ಜಿ ಕೊಟ್ಟಿರುವುದರಿಂದ, ಕಣ್ಣು ಸರಿಯಿದೆಯೆಂದು ಡಾಕ್ಟರ ಸರ್ಟಿಫಿಕೇಟು ತಂದ ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಲಾಗುವುದು. ಅದು ಮಾಮೂಲಿ ಮಾತು, ಚೆನ್ನಾಗಿರುವ ಕಣ್ಣಿಗೆ ಸರ್ಟಿಫಿಕೇಟು ಯಾರು ಕೊಡುವುದಿಲ್ಲ ಅಂದುಕೊಂಡೆ.

ಮರುದಿನವೇ ಹೊರಟೆ. ಮದ್ದೂರಿನಲ್ಲಿ ಇಳಿದು ಮಕ್ಕಳಿಗೆಂದು ಬಿಸ್ಕತ್ತು, ಅವರ ಹೆಂಡತಿಗೆ ಹೂವು ತೆಗೆದುಕೊಂಡೆ. ಬಸ್ಸಿನಲ್ಲಿ ಕೂತು ಅವರಿಗೆ ಹೇಗೆ ಹೇಳಬೇಕು, ಹೇಗೆ ತಪ್ಪು ಒಪ್ಪಿಕೊಳ್ಳಬೇಕು ಅಂತ ಮಾತು ಜೋಡಿಸಿಕೊಳ್ಳುತ್ತಿದ್ದೆ. ಖುಷಿಯಾಗಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೆ.

ಅಣ್ಣ ಜಗುಲಿಯ ಮೇಲೆ ಕೂತಿದ್ದರು. ಕಪ್ಪು ಕನ್ನಡಕ ಹಾಕಿದ್ದರು. ನನ್ನ ದನಿ ಕೇಳಿ ಕತ್ತನ್ನು ಪೂರಾ ನನ್ನ ಕಡೆ ತಿರುಗಿಸಿ, "ಯಾರು, ಮಳವಳ್ಳಿ ಅವ್ವನಾ? ಬಾ ಬಾ" ಅಂದರು.

"ಕಣ್ಣಿಗೇನಾಯ್ತಣ್ಣ?"

"ಅದೇ ಕಣವ್ವ, ನೀ ಏಳಿದ್ಯಲ್ಲ. ಸಂಕ್ರಾಂತಿ ಆದ್ಮೇಲೆ ಮದ್ದೂರಲ್ಲಿ ಕಣ್ಣಿನ ಕ್ಯಾಂಪ್ ಆಕಿದ್ರು. ಓಗಿದ್ದೆ. ಡಾಕ್ಟ್ರು ನೋಡಿ ಬಲಗಣ್ಣಲ್ಲಿ ವಸಿ ಪೊರೆ ಅದೆ, ಈಗ್ಲೇ ಬ್ಯಾಡ, ಎರಡು ವರ್ಸ ಬುಟ್ಕೊಂಡ್ ಬಾ ಅಂದ್ರು. ನಾನೇ ಬುಡ್ಲಿಲ್ಲ. ಕೈ ಮುಗುದೆ. ಈಗ್ಲೇ ತೆಗೀರಿ ಬುದ್ದಿ, ಗೇಜು ತಪ್ಪಾಗಿ ಓದ್ತಾ ಇವ್ನಿ, ಕೆಲ್ಸ ಓಯ್ತದೆ ಅಂದೆ."

ಆಪರೇಷನ್ ಚೆನ್ನಾಗೇ ಆಯಿತಂತೆ. ತಿಂಗಳೊಪ್ಪತ್ತು ನೀರು ತಾಗಿಸಬೇಡ ಅಂತ ಡಾಕ್ಟರು ಹತ್ತು ಸಲ ಹೇಳಿ ಕಳಿಸಿದ್ದರಂತೆ. ಕಟ್ಟು ಬಿಚ್ಚಿದ ಮೂರನೇ ದಿನವೇ ಇವರು ಹೊಳೆಗಿಳಿದಿದ್ದಾರೆ. ಹಲಗೆ ಈಗ ಸರಿಯಾಗಿ ಕಾಣುತ್ತದೋ ಇಲ್ಲವೋ ನೋಡುವ ಆತುರ. ಕಾಲು ಜಾರಿ ಒಂದು ಮುಳುಗು ಮುಳುಗಿದರು. ಆ ಕಣ್ಣು ಕೀವಾಯಿತು. ಮತ್ತೆ ಹೋದಾಗ ಉಳಿಸಲಾಗಲಿಲ್ಲ. "ಓದ್ರೆ ಓಯ್ತು ಬುಡು, ಎಂಗೂ ಕೆಟ್ಟೋಗಿದ್ ಕಣ್ಣು" ಅಂದು ಅಣ್ಣ ನಕ್ಕರು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು.

ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಆದರೆ ಕಾಗದ ಕೈಯಲ್ಲಿತ್ತು, ಹೆಂಡತಿ ಅದನ್ನೇ ನೋಡುತ್ತಿದ್ದರು. ಹೇಳಿದೆ. ನನ್ನ ಯಂತ್ರ ತಿರುಗಾಮುರುಗಾ ಓದಿತ್ತು, ತಪ್ಪು ನನ್ನದು, ನೀವು ಬರೆದದ್ದೆಲ್ಲ ಸರಿಯಾಗಿತ್ತು ಅಂತ ಹೇಳಿದೆ. ಎಲ್ಲಿ ಶುರು ಮಾಡಿದೆ, ಎಲ್ಲಿ ಮುಗಿಸಿದೆ, ಒಂದೂ ನೆನಪಿಲ್ಲ.

ಅಣ್ಣ ಪೂರ್ತಿ ಕೇಳಿದರು. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಲಗಣ್ಣು ಬೆಳ್ಳಗೆ ಮುಚ್ಚಿಕೊಂಡಿತ್ತು.

"ಅಂಗಾರೆ ನನ್ ಕಣ್ಣು ಚೆನ್ನಾಗಿತ್ತಾ ಅವ್ವಾ?"

"ಚೆನ್ನಾಗಿತ್ತಣ್ಣ."

"ಮಿಸೀನ್ಗಿಂತಲೂ?"

"ಹೂಂ ಅಣ್ಣ."

ಅವರು ತಲೆಯಾಡಿಸಿದರು. ಹೆಂಡತಿ ಕಾಗದ ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ದೋಷ ಇಲ್ಲ ಅನ್ನುವಲ್ಲಿ ದನಿ ಸ್ವಲ್ಪ ಗಟ್ಟಿಯಾಯಿತು. ಕೊನೆಯ ಸಾಲಿಗೆ ಬಂದು, ಕಣ್ಣಿನ ಸರ್ಟಿಫಿಕೇಟು ಅನ್ನುವಲ್ಲಿ, ನಿಲ್ಲಿಸಿಬಿಟ್ಟರು. ಕಾಗದವನ್ನು ಮಡಿಸಿದರು. ಅಣ್ಣ ಎದ್ದು, ಒಂದೇ ಕಣ್ಣಿಗೆ ಇನ್ನೂ ಒಗ್ಗದೆ, ಗೋಡೆ ತಡವಿಕೊಂಡು ಒಳಗೆ ಹೋದರು. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹಗ್ಗದ ಮಂಚ ಅಲುಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಗಂಡಸು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಹೊರಟೆ. ಅವರ ಹೆಂಡತಿ ಬೀದಿಯ ತುದಿಯವರೆಗೆ ಜೊತೆಗೆ ಬಂದರು. ಹೂವನ್ನು ಮುಡಿದುಕೊಂಡಿರಲಿಲ್ಲ, ಕೈಯಲ್ಲೇ ಹಿಡಿದಿದ್ದರು.

"ಕೆಟ್ ಕಣ್ಣು ಓಯ್ತು ಅಂದ್ಕೊಂಡು ಇಷ್ಟ್ ದಿನ ಸುಮ್ಕಿತ್ತು ಕಣವ್ವ ನನ್ ಗಂಡ" ಅಂದರು. "ಒಂದ್ ದಿನಾನೂ ಅತ್ತಿರ್ಲಿಲ್ಲ. ಒಳ್ಳೇ ಕಣ್ಣು ಓಯ್ತು ಅಂತ ಇವತ್ತು ನೀನು ಬಂದು ಏಳ್ದೆ."

ಅವರ ದನಿಯಲ್ಲಿ ಕೋಪ ಇರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.